ಕಡ್ಡಿಯ ಮೇಲೊಂದು, ಚೀಲದಲ್ಲೆರಡು, ಚಾಪೆಯ ಮೇಲೆ ಕೌದಿ

ಉಲ್ಲನ್ ಹೆಣೆಯುವ ಮನೆಯಲ್ಲಿ ಯಾವ ಕಾಲಕ್ಕೂ ಒಂದೇ ಕೆಲಸ ನಡೆಯುವುದಿಲ್ಲ. ಸೋಫಾದ ಮೂಲೆಯ ಬಟ್ಟೆಚೀಲದಲ್ಲಿ ಶಾಲೆಗೆ ಹೋಗುವ ಹುಡುಗನ ನೀಲಿ ಸ್ವೆಟರಿನ ಬೆನ್ನು ಕಂಕುಳವರೆಗೆ ಬಂದು ನಿಂತಿರುತ್ತದೆ. ಬಿಸ್ಕತ್ತಿನ ಹಳೆಯ ಡಬ್ಬಿಯಲ್ಲಿ ಕ್ರೋಶಾ ಕಡ್ಡಿ, ಬಿಳಿ ದಾರ, ಟೀಪಾಯಿಯ ಹೊದಿಕೆಗೆಂದು ಶುರುವಾದ ಅಂಗೈಯಗಲದ ನಡುಭಾಗ. ಮಂಚದ ಕೆಳಗಿನ ಟ್ರಂಕಿನಲ್ಲಿ ಕತ್ತರಿಸಿಟ್ಟ ಹಳೆಯ ಸೀರೆಯ ತುಂಡುಗಳು ಕೌದಿಯಾಗಲು ಕಾಯುತ್ತಿವೆ. ಬೀರುವಿನಲ್ಲಿ ಹಳೆಯ ಪಂಚೆಯಲ್ಲಿ ಸುತ್ತಿಟ್ಟ, ಅರ್ಧ ಕುಚ್ಚು ಕಟ್ಟಿದ, ಪಕ್ಕದ ಮನೆಯವರ ರೇಷ್ಮೆಸೀರೆ. ಇವುಗಳ ನಡುವೆಯೇ, ತಂಗಿಯ ಮಗಳಿಗೆ ಏಳು ತಿಂಗಳು ತುಂಬಿತೆಂಬ ಸುದ್ದಿ ಬಂದ ಸಂಜೆ ಮೆತ್ತನೆಯ ಹಳದಿ ಉಲ್ಲನ್ನಿನ ಕುಲಾವಿಯೊಂದು ಕಡ್ಡಿ ಏರುತ್ತದೆ.

ಮನೆಗೆ ಬಂದವರು ಕೇಳುವ ಪ್ರಶ್ನೆಯೂ ಒಂದೇ. ಮೈಸೂರಿನ ಕಡೆಯವರಾದರೆ ‘ಒಂದು ಮುಗಿಸಿ ಇನ್ನೊಂದು ಹಿಡೀಬಾರದೇನ್ರೀ?’ ಎನ್ನುತ್ತಾರೆ. ಧಾರವಾಡದ ಅತ್ತೆಯಾದರೆ ‘ಏನವ್ವಾ, ಎಷ್ಟು ದಿನಾ ಆತು ಇದನ್ನ ಹಿಡ್ದು?’ ಎಂದು ಸ್ವೆಟರಿನ ಬೆನ್ನನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಇಬ್ಬರ ಮಾತಿನಲ್ಲೂ ಒಂದು ನಂಬಿಕೆ ಅಡಗಿದೆ: ಕೈಗೆತ್ತಿಕೊಂಡದ್ದು ಅರ್ಧಕ್ಕೆ ನಿಂತರೆ ಅದು ಅಶಿಸ್ತು. ಆದರೆ ಈ ಕೆಲಸಗಳನ್ನು ಹತ್ತಿರದಿಂದ ನೋಡಿದವರಿಗೆ ಬೇರೆಯೇ ಲೆಕ್ಕ ಕಾಣುತ್ತದೆ. ಮನೆ ನಡೆಸುವವರ ಕೈಗೆ ಹೊತ್ತು ಇಡಿಯಾಗಿ ಸಿಗುವುದಿಲ್ಲ, ತುಂಡುತುಂಡಾಗಿ ಸಿಗುತ್ತದೆ. ಆ ತುಂಡುಗಳೂ ಒಂದೇ ಅಳತೆಯವಲ್ಲ. ಕುಕ್ಕರು ಮೂರು ಸಲ ಕೂಗುವಷ್ಟರ ಬಿಡುವು ಬೇರೆ, ಊಟವಾಗಿ ಎಲ್ಲರೂ ಅಡ್ಡಾದ ಮೇಲಿನ ಎರಡು ಗಂಟೆ ಬೇರೆ. ಆಸ್ಪತ್ರೆಯಲ್ಲಿ ಟೋಕನ್ ಹಿಡಿದು ಕೂತ ಹೊತ್ತಿನಲ್ಲಿ ಕೌದಿ ಬಿಡಿಸಲಾಗದು. ಕರೆಂಟು ಹೋದ ಸಂಜೆ ಕಡುನೀಲಿ ಉಲ್ಲನ್ನಿನ ಕುಣಿಕೆ ಕಣ್ಣಿಗೆ ಕಾಣುವುದಿಲ್ಲ. ಒಂದೇ ಕೆಲಸ ಹಿಡಿದು ಕೂತರೆ ಅದಕ್ಕೆ ಒಗ್ಗದ ಬಿಡುವೆಲ್ಲ ಪೋಲಾಗುತ್ತದೆ. ಒಂದೊಂದು ಜಾತಿಯ ಬಿಡುವಿಗೆ ಒಂದೊಂದು ಕೆಲಸ ಎಂದು ಇಟ್ಟುಕೊಂಡವರ ಮನೆಯಲ್ಲಿ ವರ್ಷದ ಕೊನೆಗೆ ಸ್ವೆಟರೂ ಇರುತ್ತದೆ, ಹೊದಿಕೆಯೂ ಇರುತ್ತದೆ.

ಹೆಣಿಗೆ, ಕ್ರೋಶಾ, ಕೌದಿ ಮೂರನ್ನೂ ‘ಕೈಕೆಲಸ’ ಎಂದು ಒಂದೇ ಗಂಟಿಗೆ ಕಟ್ಟಿಬಿಡುವುದು ರೂಢಿ. ಅವುಗಳ ಜಾಯಮಾನ ಬೇರೆಬೇರೆ.

ಎರಡು ಕಡ್ಡಿಯ ಹೆಣಿಗೆಯಲ್ಲಿ ಸಾಲಿನ ಎಲ್ಲ ಕುಣಿಕೆಗಳೂ ಬಾಯಿ ತೆರೆದುಕೊಂಡು ಕಡ್ಡಿಯ ಮೇಲೆ ಕೂತಿರುತ್ತವೆ. ದೊಡ್ಡವರ ಸ್ವೆಟರಿನ ಬೆನ್ನಿಗೆ ನೂರರ ಆಸುಪಾಸು ಕುಣಿಕೆ. ನಡುಸಾಲಿನಲ್ಲಿ ಕೆಳಗಿಟ್ಟು ಎದ್ದರೆ ಅರ್ಧ ಈ ಕಡ್ಡಿಯಲ್ಲಿ, ಅರ್ಧ ಆ ಕಡ್ಡಿಯಲ್ಲಿ. ಮಗು ಬಂದು ಒಂದನ್ನು ಎಳೆಯಿತೋ, ಐವತ್ತು ಕುಣಿಕೆ ಒಟ್ಟಿಗೆ ಜಾರುತ್ತವೆ, ಜಾರಿದ್ದು ಸಾಲಿನಿಂದ ಸಾಲಿಗೆ ಇಳಿಯುತ್ತ ಹೋಗುತ್ತದೆ. ಆದ್ದರಿಂದಲೇ ಹೆಣೆಯುವವರನ್ನು ಊಟಕ್ಕೆ ಕರೆದರೆ ‘ಇರು, ಈ ಸಾಲು ಮುಗಿಸಿಬಿಡ್ತೀನಿ’ ಎಂಬ ಉತ್ತರ ಬರುವುದು. ಮನೆಯವರಿಗೆ ಅದು ನೆಪದಂತೆ ಕೇಳಿಸಿದರೂ ಅದರಲ್ಲಿರುವುದು ಕೆಲಸದ ಒಳಗಿನದೇ ನಿಯಮ.

ಕ್ರೋಶಾಕ್ಕೆ ಆ ಗೋಜಿಲ್ಲ. ಕೊಕ್ಕೆಯ ಮೇಲೆ ತೆರೆದಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಹಿಂದಿನದೆಲ್ಲ ಬಿಗಿದು ಮುಗಿದಿರುತ್ತದೆ. ಬಾಗಿಲಲ್ಲಿ ಗಂಟೆ ಬಾರಿಸಿದರೆ ಆ ಒಂದು ಕುಣಿಕೆಯನ್ನು ಸ್ವಲ್ಪ ಉದ್ದಕ್ಕೆ ಎಳೆದು ಪಿನ್ನು ಸಿಕ್ಕಿಸಿದರಾಯಿತು. ಕಡ್ಡಿಯೂ ಬಿಡುಗಡೆಯಾಗಿ ಇನ್ನೊಂದು ಕೆಲಸಕ್ಕೆ ಒದಗುತ್ತದೆ. ಹೆಣಿಗೆಯಲ್ಲಿ ಹಾಗಿಲ್ಲ, ಅರ್ಧಕ್ಕೆ ನಿಂತ ಸ್ವೆಟರು ತನ್ನ ಕಡ್ಡಿಜೋಡಿಯನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೂರು ಸ್ವೆಟರು ಅರ್ಧದಲ್ಲಿರುವ ಮನೆಯಲ್ಲಿ 10ನೇ ನಂಬರಿನ ಕಡ್ಡಿ ಮೂರು ಜೊತೆ ಇರಬೇಕಾದದ್ದು ಈ ಕಾರಣಕ್ಕೆ.

ಕೌದಿಯ ರೀತಿ ಇವೆರಡಕ್ಕೂ ಸೇರದು. ಅಲ್ಲಿ ಹೊಲಿದದ್ದು ಹೊಲಿದಂತೆಯೇ. ಎಲ್ಲಿ ಬಿಟ್ಟರೂ ಬಿಚ್ಚಿಹೋಗುವುದಿಲ್ಲ. ಆದರೆ ಅದು ಜಾಗ ಕೇಳುತ್ತದೆ. ನೆಲ ಗುಡಿಸಿ, ಚಾಪೆ ಹಾಸಿ, ಪದರಗಳನ್ನು ಸುಕ್ಕಿಲ್ಲದೆ ಹರಡಿ, ಅದರ ಮೇಲೇ ಕೂತು ಹೊಲಿಯಬೇಕು. ಹರಡುವುದಕ್ಕೂ ಮಡಿಸಿಡುವುದಕ್ಕೂ ಹಿಡಿಯುವ ಹೊತ್ತು ನೋಡಿದರೆ ಹತ್ತು ನಿಮಿಷದ ಬಿಡುವಿನಲ್ಲಿ ಅದನ್ನು ಮುಟ್ಟುವ ಹಾಗೇ ಇಲ್ಲ.

ಯಂತ್ರದ ವಿಷಯದಲ್ಲೂ ಇವುಗಳ ದಾರಿ ಬೇರೆಬೇರೆ. ಇಂಗ್ಲೆಂಡಿನ ವಿಲಿಯಂ ಲೀ 1589ರಷ್ಟು ಹಿಂದೆಯೇ ಕಾಲುಚೀಲ ಹೆಣೆಯುವ ಯಂತ್ರ ಮಾಡಿದ್ದ. ಇಂದು ಅಂಗಡಿಯ ಸ್ವೆಟರುಗಳಲ್ಲಿ ಹೆಚ್ಚಿನವು ಯಂತ್ರದ್ದೇ. ಕ್ರೋಶಾ ಮಾತ್ರ ಕಾರ್ಖಾನೆಗೆ ಒಗ್ಗಲಿಲ್ಲ. ಮಾರುಕಟ್ಟೆಯಲ್ಲಿ ಅದನ್ನು ಹೋಲುವ ಯಂತ್ರದ ಜಾಳಿಗೆಬಟ್ಟೆ ಬೇಕಾದಷ್ಟು ಸಿಗುತ್ತದೆ, ನಿಜವಾದ ಕ್ರೋಶಾದ ಹಿಂದೆ ಯಾರದೋ ಒಂದು ಜೊತೆ ಕೈ ಇದ್ದೇ ಇರುತ್ತದೆ. ಆಂಧ್ರದ ಗೋದಾವರಿ ಬಯಲಿನ ನರಸಾಪುರದಲ್ಲಿ ಅಂಥ ಕೈಗಳು ಸಾವಿರಾರು. 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿದ ಲೇಸು ಅಲ್ಲಿನ ಮನೆಮನೆಯ ಕೆಲಸವಾಗಿ, ವಿದೇಶಕ್ಕೆ ಹೋಗುವ ಸರಕಾಗಿ ಬೆಳೆಯಿತು. ಜರ್ಮನಿಯ ಸಮಾಜಶಾಸ್ತ್ರಜ್ಞೆ ಮಾರಿಯಾ ಮೀಸ್ ಅಲ್ಲಿದ್ದು ಅಧ್ಯಯನ ಮಾಡಿ 1982ರಲ್ಲಿ ಪುಸ್ತಕ ಬರೆದರು. ಅವರು ಕಂಡ ಸಂಗತಿ ಇಷ್ಟು: ಅಡುಗೆ, ನೀರು, ಮಕ್ಕಳ ಕೆಲಸದ ನಡುವಿನ ಎಡೆಗಳಲ್ಲಿ ಗಂಟೆಗಟ್ಟಲೆ ಹೆಣೆಯುತ್ತಿದ್ದ ಆ ಹೆಂಗಸರನ್ನು ವ್ಯಾಪಾರಿಗಳು, ಮನೆಯವರು ಎಲ್ಲರೂ ‘ಬಿಡುವಿನ ವೇಳೆ ಕಳೆಯುವ ಗೃಹಿಣಿಯರು’ ಎಂದೇ ಎಣಿಸುತ್ತಿದ್ದರು, ದುಡಿಮೆ ಎಂಬ ಲೆಕ್ಕಕ್ಕೆ ಅದು ಬರುತ್ತಿರಲಿಲ್ಲ, ಕೂಲಿಯೂ ಹಾಗೇ ತೀರ ಕಡಿಮೆ. ಎಡೆಎಡೆಯಲ್ಲಿ ಆಗುವ ಕೆಲಸವನ್ನು ಕೆಲಸವೆಂದೇ ಕಾಣದ ಈ ಕಣ್ಣು ನರಸಾಪುರದಲ್ಲಿ ಮಾತ್ರ ಇರುವುದಲ್ಲ.

ಕರ್ನಾಟಕದಲ್ಲಿ ಕ್ರೋಶಾ ಕಡ್ಡಿ ಇವತ್ತು ಹೆಚ್ಚು ಓಡಾಡುವುದು ಸೀರೆಯ ಸೆರಗಿನ ಮೇಲೆ. ಒಂದು ಕಾಲಕ್ಕೆ ಸೆರಗಿನ ಎಳೆಗಳನ್ನೇ ಗಂಟು ಹಾಕಿ ಬಿಟ್ಟರೆ ಕುಚ್ಚಾಗುತ್ತಿತ್ತು. ಈಗ ರೇಷ್ಮೆದಾರ, ಮಣಿ, ಮುತ್ತು, ಬಳೆಯಂಥ ಉಂಗುರ ಎಲ್ಲ ಸೇರಿ ಒಂದು ಬೇರೆ ಕಲೆಯೇ ಆಗಿದೆ. ‘ಬೇಬಿ ಕುಚ್ಚು’, ‘ಬ್ರೈಡಲ್ ಕುಚ್ಚು’ ಎಂದು ಬಗೆಬಗೆಯ ಹೆಸರು, ಬಗೆಬಗೆಯ ದರ. ಸೆರಗಿನ ಅಂಚಿಗೇ ಕೊಕ್ಕೆ ತೂರಿಸಿ, ಚೈನು ಹಾಕಿ, ಕಮಾನು ಕಟ್ಟಿ, ಕಮಾನಿಗೊಂದು ಮಣಿ ಇಳಿಸಿ, ಕೆಳಗೆ ದಾರದ ಗೊಂಚಲು ಬಿಗಿಯಬೇಕು. ಬೆಂಗಳೂರು, ಮೈಸೂರು, ದಾವಣಗೆರೆ, ಎಲ್ಲ ಊರಿನ ಬಡಾವಣೆಗಳಲ್ಲೂ ‘ಇಲ್ಲಿ ಸೀರೆ ಕುಚ್ಚು ಹಾಕಿಕೊಡಲಾಗುತ್ತದೆ’ ಎಂಬ ಚೀಟಿ ಅಂಟಿಸಿದ ಗೇಟು ಕಾಣುತ್ತದೆ. ಆ ಗೇಟಿನ ಒಳಗೆ ಯಾವತ್ತೂ ಒಂದೇ ಸೀರೆ ಇರುವುದಿಲ್ಲ. ವರಮಹಾಲಕ್ಷ್ಮಿ ಹಬ್ಬದ ಮುಂಚೆ, ಆಮೇಲೆ ದೀಪಾವಳಿಗೆ, ಅಲ್ಲಿಂದ ಮುಂದೆ ಮದುವೆಯ ಲಗ್ನಗಳಿಗೆ, ಸೀರೆಗಳು ಸಾಲುಗಟ್ಟುತ್ತವೆ. ಒಂದಕ್ಕೆ ಬಣ್ಣ ಒಪ್ಪುವ ದಾರ ಸಿಕ್ಕಿರುವುದಿಲ್ಲ, ಇನ್ನೊಂದಕ್ಕೆ ಮಣಿ ಸಾಲದೆ ಬಂದಿರುತ್ತದೆ, ಮೂರನೆಯದರ ಒಡತಿ ‘ಡಿಸೈನು ಬದಲಾಯಿಸೋಣ’ ಎಂದು ಫೋನು ಮಾಡಿರುತ್ತಾಳೆ. ನಾಲ್ಕು ಸೀರೆ ಒಟ್ಟಿಗೆ ಅರ್ಧದಲ್ಲಿರುವುದು ಅಲ್ಲಿ ವ್ಯಾಪಾರದ ಸಹಜ ಸ್ಥಿತಿ. ಯಾರ ಸೀರೆ ಯಾವ ತಾರೀಕಿಗೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಪೆನ್ಸಿಲಿನಿಂದ ಬರೆದಿಟ್ಟು, ಎಷ್ಟೋ ಜನ ಮಕ್ಕಳ ಶಾಲೆಯ ಫೀಜನ್ನು ಇದರಲ್ಲೇ ಕಟ್ಟುತ್ತಾರೆ. ಬೆಂಗಳೂರಿನ ಚಿಕ್ಕಪೇಟೆ, ಅವೆನ್ಯೂ ರಸ್ತೆಯ ಗಲ್ಲಿಗಳ ದಾರ-ಮಣಿಯ ಅಂಗಡಿಗಳಲ್ಲಿ ಸೆರಗಿನ ತುದಿಯನ್ನು ಚೀಲದಿಂದ ಒಂದಿಷ್ಟೇ ಹೊರಗೆಳೆದು ಬಣ್ಣ ಹೋಲಿಸುತ್ತ ನಿಂತವರನ್ನು ನೋಡಿದರೆ, ಈ ಕೆಲಸಕ್ಕೆ ಎಂಥ ಕಣ್ಣು ಬೇಕೆಂದು ತಿಳಿಯುತ್ತದೆ.

ಹಲವು ಕೆಲಸಗಳನ್ನು ವರ್ಷದ ಉದ್ದಕ್ಕೆ ಹಂಚಿಕೊಳ್ಳುವ ವಿದ್ಯೆಯನ್ನು ಪುಸ್ತಕವಾಗಿ ಬರೆದವರು ಎಲಿಜಬೆತ್ ಜಿಮ್ಮರ್‌ಮನ್. ಇಂಗ್ಲೆಂಡಿನಲ್ಲಿ 1910ರಲ್ಲಿ ಹುಟ್ಟಿ, ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ನೆಲೆಸಿದ ಈಕೆ ಇಪ್ಪತ್ತನೇ ಶತಮಾನದ ಹೆಣಿಗೆಯ ದೊಡ್ಡ ಗುರು. 1974ರಲ್ಲಿ ಬಂದ ‘ನಿಟರ್ಸ್ ಆಲ್ಮನಾಕ್’ ಹೆಸರಿಗೆ ತಕ್ಕಂತೆ ಒಂದು ಪಂಚಾಂಗ: ಹನ್ನೆರಡು ತಿಂಗಳು, ತಿಂಗಳಿಗೊಂದು ಹೆಣಿಗೆ. ಫೆಬ್ರವರಿಗೆ ಕೂಸಿನ ಉಡುಪು. ಮುಂದಿನ ಚಳಿಗಾಲದ ಕೈಗವಸನ್ನು ಮೇ ತಿಂಗಳಲ್ಲೇ ಶುರು ಮಾಡಿ ಎನ್ನುತ್ತಾರೆ. ಡಿಸೆಂಬರಿಗೆ ಗಡಿಬಿಡಿಯಲ್ಲಿ ಮುಗಿಸುವ ದಪ್ಪ ಉಲ್ಲನ್ನಿನ ಸ್ವೆಟರು. ಜುಲೈಗೆ ಅವರು ಇಟ್ಟದ್ದು ದುಂಡನೆಯ ಶಾಲು, ಅದರ ಲೆಕ್ಕಾಚಾರವೇ ಒಂದು ಸೊಗಸು. ನಡುವಿನಲ್ಲಿ 9 ಕುಣಿಕೆಯಿಂದ ಆರಂಭ. ಅದು 18 ಆಗುತ್ತದೆ, 3 ಸುತ್ತು ಸುಮ್ಮನೆ ಹೆಣೆಯಬೇಕು. ಆಮೇಲೆ 36, ಆಗ 6 ಸುತ್ತು. ನಂತರ 72ಕ್ಕೆ 12 ಸುತ್ತು, 144ಕ್ಕೆ 24, 288ಕ್ಕೆ 48. ವೃತ್ತದ ತ್ರಿಜ್ಯ ಇಮ್ಮಡಿಯಾದರೆ ಸುತ್ತಳತೆಯೂ ಇಮ್ಮಡಿ ಎಂಬ ಶಾಲೆಯ ಗಣಿತ ಅಷ್ಟೇ. ಆದ್ದರಿಂದಲೇ ಅದಕ್ಕೆ ಪೈ ಶಾಲು ಎಂದು ಹೆಸರು. ಹೆಚ್ಚಿಸುವ ಸುತ್ತು ಬಿಟ್ಟರೆ ಉಳಿದೆಲ್ಲ ಕಡೆ ತಲೆ ಓಡಿಸಬೇಕಿಲ್ಲ, ಊರೂರು ತಿರುಗುವಾಗ ಕೈಯಲ್ಲಿ ಹಿಡಿದು ಮಾತಾಡುತ್ತಲೇ ಹೆಣೆಯಬಹುದು.

ಜಿಮ್ಮರ್‌ಮನ್ ಮಾಡಿದ ಹಂಚಿಕೆಯಲ್ಲಿ ಬರಿಯ ಋತುವಿನ ಲೆಕ್ಕವಲ್ಲದೆ ಮನಸ್ಸಿನ ಲೆಕ್ಕವೂ ಇದೆ. ಎಣಿಕೆ ತಪ್ಪಿದರೆ ಕೆಡುವ ಕೆಲಸ, ಎಣಿಕೆಯೇ ಇಲ್ಲದ ಕೆಲಸ, ಎರಡೂ ಮನೆಯಲ್ಲಿ ಇರಬೇಕು. ಜಡೆಯ ಹಾಗೆ ತಿರುಚಿಕೊಳ್ಳುವ ಕೇಬಲ್ ವಿನ್ಯಾಸ, ನಾಲ್ಕು ಬಣ್ಣದ ಹೂವಿನ ಸಾಲು, ಇಂಥವಕ್ಕೆ ಬೆಳಗಿನ ಬೆಳಕೂ ಮೌನವೂ ಬೇಕು. ರಾತ್ರಿ ಧಾರಾವಾಹಿಯ ಮುಂದೆ ಕೂತಾಗ ಒಂದು ಸಾಲು ಸೀದಾ, ಒಂದು ಸಾಲು ಉಲ್ಟಾ ಎಂದು ಕೈ ತಾನಾಗಿ ಓಡುವ ಮಫ್ಲರು ಸಾಕು. ಗಂಭೀರವಾದ ಒಂದನ್ನೇ ಹಿಡಿದವರು ದಣಿದ ರಾತ್ರಿಗಳಲ್ಲಿ ತಪ್ಪು ಹೆಣೆದು ಮರುದಿನ ಬೆಳಿಗ್ಗೆ ಬಿಚ್ಚುತ್ತಾರೆ. ಪಕ್ಕದಲ್ಲಿ ಮಫ್ಲರೊಂದಿದ್ದರೆ ಕೇಬಲ್ ಸ್ವೆಟರಿಗೇ ಒಳ್ಳೆಯದು.

ಕೌದಿಗೆ ಬಂದರೆ ಕಾಲದ ಅಳತೆಯೇ ಬದಲಾಗುತ್ತದೆ. ಉತ್ತರ ಕರ್ನಾಟಕದಲ್ಲಿ ಮೆತ್ತಗಾದ ಸೀರೆ, ಧೋತರ, ಕುಪ್ಪಸ ಯಾವುದನ್ನೂ ಎಸೆಯುವುದಿಲ್ಲ. ಒಗೆದು, ಮಡಚಿ, ಗಂಟು ಕಟ್ಟಿ ಇಡುತ್ತಾರೆ. ಗಂಟು ದೊಡ್ಡದಾದ ವರ್ಷ ಕೌದಿ. ಊರಿಂದೂರಿಗೆ ಬರುವ ಗೊಂದಳಿಗರ ಹೆಂಗಸರು ಕಟ್ಟೆಯ ಮೇಲೋ ಪಡಸಾಲೆಯಲ್ಲೋ ಹಾಸಿಕೊಂಡು, ಎದುರುಬದುರು ಕೂತು, ಉದ್ದ ಸೂಜಿಯಲ್ಲಿ ಸಣ್ಣಸಣ್ಣ ನೇರ ಹೊಲಿಗೆ ಓಡಿಸುತ್ತ ಹೋಗುವುದನ್ನು ಧಾರವಾಡ, ಬಾಗಲಕೋಟೆ, ಬೆಳಗಾವಿಯ ಹಳ್ಳಿಗಳಲ್ಲಿ ಬೆಳೆದವರೆಲ್ಲ ನೋಡಿದ್ದಾರೆ. ಮನೆಯಲ್ಲೇ ಹೊಲಿಯುವವರು ಬೇಸಿಗೆಗೆ ಕಾಯುತ್ತಾರೆ. ಹೊಲದ ಕೆಲಸ ಇಲ್ಲ, ಮಕ್ಕಳಿಗೆ ಶಾಲೆ ಇಲ್ಲ, ಒದ್ದೆಯ ಭಯ ಇಲ್ಲ. ಮಳೆಗಾಲದ ಮೊದಲು ಮುಗಿಯದಿದ್ದರೆ ಸುತ್ತಿ ಅಟ್ಟಕ್ಕೆ ಏರಿಸಿ, ಮುಂದಿನ ಬೇಸಿಗೆಗೆ ಇಳಿಸುತ್ತಾರೆ. ಒಂದು ವರ್ಷ ನಿಂತ ಕೌದಿಯನ್ನು ಯಾರೂ ‘ಅರ್ಧಕ್ಕೆ ಬಿಟ್ಟದ್ದು’ ಎನ್ನುವುದಿಲ್ಲ, ‘ನಡೆದದ’ ಎನ್ನುತ್ತಾರೆ.

ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿ ನಿಂತುನಿಂತು ಸಾಗಲು ಇನ್ನೂ ಚೆನ್ನಾಗಿ ಒಗ್ಗುತ್ತದೆ. ಶತಮಾನಗಳ ಹಿಂದೆ ಆಫ್ರಿಕದಿಂದ ಬಂದವರ ಪೀಳಿಗೆ ಇವರದು. ಬೇರೆ ಕಡೆಯ ಎಷ್ಟೋ ಕೌದಿಗಳಲ್ಲಿ ಮೊದಲು ತುಂಡುಗಳನ್ನು ಜೋಡಿಸಿ ಮೇಲ್ಪದರ ಸಿದ್ಧಮಾಡಿಕೊಂಡು, ಆಮೇಲೆ ಎಲ್ಲ ಪದರ ಸೇರಿಸಿ ಹೊಲಿಯುತ್ತಾರೆ. ಕವಂದಿಯಲ್ಲಿ ತುಂಡು ಜೋಡಿಸುವುದೂ ಪದರ ಸೇರಿಸುವುದೂ ಒಂದೇ ಹೊಲಿಗೆಯಲ್ಲಿ ಆಗುತ್ತದೆ. ಕೆಳಗೆ ಸೀರೆ ಹಾಸಿ, ಮೂಲೆಯಿಂದ ಶುರುಮಾಡಿ, ಅಂಚಿನ ಗುಂಟ ತುಂಡಿಟ್ಟು ಹೊಲಿಯುತ್ತ, ಸುತ್ತು ಬಂದು ಬಂದು ನಡುವನ್ನು ಮುಟ್ಟಬೇಕು. ಮುಂಚೆ ಬರೆದಿಟ್ಟ ನಕ್ಷೆ ಇಲ್ಲ. ಇವತ್ತು ಕೈಗೆ ಸಿಕ್ಕ ಕೆಂಪು ತುಂಡು ಇವತ್ತು ಸೇರಿತು. ನಾಳೆ ಮಗಳ ಹಳೆಯ ಲಂಗ ಸಿಕ್ಕರೆ ನಾಳೆಯ ಜಾಗ ಅದಕ್ಕೆ. ನಾಲ್ಕು ಮೂಲೆಗೆ ಪದರಪದರವಾಗಿ ಮಡಿಸಿದ ತ್ರಿಕೋನದ ತುಂಡುಗಳನ್ನು ಹೊಲಿದು ಮುಗಿಸುತ್ತಾರೆ, ಅದಕ್ಕೆ ‘ಫುಲ’ ಎನ್ನುತ್ತಾರೆ. ಫುಲ ಇಲ್ಲದ ಕವಂದಿ ಅವರ ಕಣ್ಣಿಗೆ ಮೈಮೇಲೆ ಬಟ್ಟೆ ಇಲ್ಲದ ಹಾಗೆ. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಮತ್ತು ಸಾರಾ ಖಾನ್ ಅವರ ನೆರವಿನಿಂದ 2004ರಲ್ಲಿ ಸಿದ್ದಿ ಮಹಿಳೆಯರ ಕವಂದಿ ಸಹಕಾರಿಯೊಂದು ಹುಟ್ಟಿ, ಈ ಹೊದಿಕೆಗಳು ಅಮೆರಿಕದ ಪ್ರದರ್ಶನಗಳಿಗೂ ಹೋದವು. ಅಲ್ಲಿನ ಕೌದಿಪ್ರಿಯರು ಈಗ ಅಂಚಿನಿಂದ ನಡುವಿಗೆ ಬರುವ ಈ ರೀತಿಯನ್ನು ಕಲಿತು, ಅದೇ ಹೆಸರಿನಿಂದ ಹೊಲಿಯುತ್ತಿದ್ದಾರೆ. ಕಾಡಂಚಿನ ಗುಡಿಸಲಿನ ಮುಂದೆ, ಮಕ್ಕಳನ್ನು ಮಲಗಿಸಿಕೊಂಡು, ಇದ್ದ ಅರಿವೆಯಲ್ಲೇ ಈ ಬಣ್ಣಗಳನ್ನು ಕೂಡಿಸಿದವರ ಕಲೆ ನಮ್ಮದೇ ರಾಜ್ಯದ ಊರುಗಳಲ್ಲಿ ಇನ್ನೂ ಹೆಚ್ಚು ಜನಕ್ಕೆ ಪರಿಚಯವಾಗಬೇಕು.

ದೊಡ್ಡದನ್ನು ಸಣ್ಣ ತುಂಡುಗಳಾಗಿ ಒಡೆದುಕೊಂಡರೆ ಎಷ್ಟು ದೂರ ಹೋಗಬಹುದೆಂಬುದಕ್ಕೆ ಚೆನ್ನೈ ಸಾಕ್ಷಿ. 2016ರ ಜನವರಿ 31ರಂದು ‘ಮದರ್ ಇಂಡಿಯಾಸ್ ಕ್ರೋಶೆ ಕ್ವೀನ್ಸ್’ ಬಳಗ 11,148.5 ಚದರ ಮೀಟರಿನ ಕ್ರೋಶಾ ಹೊದಿಕೆ ಹಾಸಿ ಗಿನ್ನೆಸ್ ದಾಖಲೆ ಮಾಡಿತು. ದೇಶದ ಬೇರೆಬೇರೆ ಊರುಗಳಲ್ಲಿ, ಹೊರದೇಶಗಳಲ್ಲಿ, ತಮ್ಮತಮ್ಮ ಮನೆಯ ಮೂಲೆಯಲ್ಲಿ ಹೆಂಗಸರು ಹೆಣೆದ ಚೌಕಗಳನ್ನು ಒಂದಕ್ಕೊಂದು ಕೂಡಿಸಿದ ಹೊದಿಕೆ ಅದು. ಆಮೇಲೆ ಬಿಡಿಸಿ, ಕಂಬಳಿಗಳಾಗಿ ಬಡವರಿಗೆ ಹಂಚಿದರು.

ಅರ್ಧಕ್ಕೆ ನಿಂತ ಕೆಲಸ ಮನಸ್ಸನ್ನು ಬಿಡದೆ ಕಾಡುತ್ತದೆ ಎಂಬುದು ಹೆಣೆಯುವವರ ಅನುಭವ. ಬರ್ಲಿನ್ನಿನಲ್ಲಿ ಮನಶ್ಶಾಸ್ತ್ರಜ್ಞ ಕುರ್ಟ್ ಲೆವಿನ್ ಅವರ ಬಳಿ ಓದುತ್ತಿದ್ದ ಬ್ಲೂಮಾ ಜೈಗಾರ್ನಿಕ್ 1927ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ, ಮುಗಿಸಿದ ಕೆಲಸಗಳಿಗಿಂತ ನಡುವೆ ತಡೆದ ಕೆಲಸಗಳು ಜನರಿಗೆ ಹೆಚ್ಚು ನೆನಪಿದ್ದವು. ಅದೇ ಗುಂಪಿನ ಮರಿಯಾ ಒವ್‌ಸಿಯಾಂಕಿನಾ ಮರುವರ್ಷ ಇನ್ನೊಂದನ್ನು ತೋರಿಸಿದರು: ತಡೆದ ಕೆಲಸಕ್ಕೆ ಜನ ಯಾರೂ ಹೇಳದಿದ್ದರೂ ತಾವಾಗಿ ಮರಳುತ್ತಾರೆ. ಜೈಗಾರ್ನಿಕ್ ಕಂಡದ್ದು ಮುಂದಿನ ಪ್ರಯೋಗಗಳಲ್ಲಿ ಒಮ್ಮೆ ಸಿಕ್ಕಿತು, ಒಮ್ಮೆ ಸಿಗಲಿಲ್ಲ. ಒವ್‌ಸಿಯಾಂಕಿನಾ ಕಂಡದ್ದು ಹೆಚ್ಚು ಗಟ್ಟಿ ನಿಂತಿದೆ. ಹೆಣಿಗೆಯ ಮನೆಗೂ ಹೆಚ್ಚು ಒಪ್ಪುವುದು ಎರಡನೆಯದೇ. ಚೀಲದಲ್ಲಿರುವ ಸ್ವೆಟರು ನೆನಪಿನಿಂದ ಜಾರಿದರೂ, ಚೀಲ ಕಣ್ಣಿಗೆ ಬಿದ್ದ ಕೂಡಲೇ ಕೈ ಕಡ್ಡಿಯ ಕಡೆ ಹೋಗುತ್ತದೆ. ಅರ್ಧಗೆಲಸವನ್ನು ಬೀರುವಿನ ಮೇಲಟ್ಟಕ್ಕೆ ತಳ್ಳದೆ ಕೂರುವ ಜಾಗದ ಪಕ್ಕದಲ್ಲೇ ಇಡಬೇಕಾದದ್ದು ಇದಕ್ಕೇ. ಬಾಗಿಲು ಮುಚ್ಚಿದ ಕಪಾಟಿನೊಳಗೆ ಹೋದದ್ದು ಮರಳಿ ಬರುವುದು ಅಪರೂಪ.

ಮರಳುವುದರಲ್ಲಿ ಅಪಾಯವೂ ಇದೆ. ಆರು ತಿಂಗಳಾದ ಮೇಲೆ ಎತ್ತಿಕೊಂಡ ಸ್ವೆಟರಿನ ಒಂದು ತೋಳು ಬಿಗಿ, ಒಂದು ಸಡಿಲ ಆಗುವುದು ಹೆಚ್ಚಿನವರಿಗೆ ಗೊತ್ತು. ನಮ್ಮ ಅಂಗಡಿಗಳ ಕಡ್ಡಿಯ ನಂಬರು ಬ್ರಿಟಿಷರ ಹಳೆಯ ಕ್ರಮದ್ದು, ಸಂಖ್ಯೆ ಏರಿದಂತೆ ಕಡ್ಡಿ ಸಪೂರವಾಗುತ್ತದೆ: 8 ಎಂದರೆ 4 ಮಿಲಿಮೀಟರು, 10 ಎಂದರೆ 3.25, 12 ಎಂದರೆ 2.75. ಹತ್ತರಲ್ಲಿ ಶುರುವಾದದ್ದನ್ನು ಮರೆತು ಒಂಬತ್ತರಲ್ಲಿ ಮುಂದುವರಿಸಿದರೆ ಏನಾಗುತ್ತದೆಂದು ಲೆಕ್ಕ ಹಾಕಬಹುದು. ಹತ್ತು ಸೆಂಟಿಮೀಟರಿಗೆ 22 ಕುಣಿಕೆ ಬೀಳುತ್ತಿದ್ದ ಕಡೆ 20 ಬಿದ್ದರೆ ನೂರು ಕುಣಿಕೆಯ ಬೆನ್ನು ಸುಮಾರು 45 ಸೆಂಟಿಮೀಟರಿನಿಂದ 50ಕ್ಕೆ ಹಿಗ್ಗುತ್ತದೆ. ಕಡ್ಡಿ ಅದೇ ಇದ್ದರೂ ಕೈ ಬದಲಾಗಿರುತ್ತದೆ. ಚಿಂತೆಯಲ್ಲಿದ್ದ ದಿನ ಹೆಣೆದದ್ದು ಬಿಗಿ, ರಜೆಯಲ್ಲಿ ಹೆಣೆದದ್ದು ಸಡಿಲ. ಎರಡು ತೋಳನ್ನೂ ಒಂದೇ ಕಡ್ಡಿಯ ಮೇಲೆ ಎರಡು ಉಂಡೆಯಿಂದ ಒಟ್ಟಿಗೆ ಹೆಣೆದರೆ ಈ ತೊಂದರೆ ಇಲ್ಲ, ಅನುಭವಸ್ಥರು ಹಾಗೇ ಮಾಡುತ್ತಾರೆ.

ಉಲ್ಲನ್ನಿನ ವಿಷಯದಲ್ಲೂ ಎಚ್ಚರ ಬೇಕು. ಉಂಡೆಯ ಪಟ್ಟಿಯ ಮೇಲೆ ಬಣ್ಣದ ಸಂಖ್ಯೆಯ ಜೊತೆಗೆ ಯಾವ ಸರದಿಯಲ್ಲಿ ಅದ್ದಿದ ಬಣ್ಣ ಎಂಬ ಸಂಖ್ಯೆಯೂ ಇರುತ್ತದೆ. ಅದೇ ಮರೂನ್ ಎಂದು ಮುಂದಿನ ವರ್ಷ ತಂದದ್ದು ಬೇರೆ ಸರದಿಯದಾದರೆ ಹಗಲಿನಲ್ಲಿ ನಡುಬೆನ್ನಿಗೆ ಒಂದು ಗೆರೆ ಕಾಣುತ್ತದೆ. ಹಲವು ಕೆಲಸ ಒಟ್ಟಿಗೆ ಹಿಡಿಯುವವರು ಒಂದೊಂದಕ್ಕೂ ಬೇಕಾದ ಅಷ್ಟೂ ಉಲ್ಲನ್ನನ್ನು ಮೊದಲೇ ತಂದು ಅದೇ ಚೀಲದಲ್ಲಿ ಹಾಕಿಬಿಡಬೇಕು. ತಿಂಗಳುಗಟ್ಟಲೆ ನಿಲ್ಲುವುದಾದರೆ ಕುಣಿಕೆಗಳನ್ನು ಕಡ್ಡಿಯಿಂದ ಬೇರೆ ಬಣ್ಣದ ಹತ್ತಿದಾರಕ್ಕೆ ಸಾಗಿಸುವುದು ಇನ್ನೂ ಮೇಲು. ಕಡ್ಡಿ ಬಿಡುಗಡೆಯಾಗುತ್ತದೆ, ಒಂದೇ ಕಡೆ ಹಿಗ್ಗಿ ಗುರುತು ಬೀಳುವುದೂ ತಪ್ಪುತ್ತದೆ. ಇವಕ್ಕಿಂತ ದೊಡ್ಡ ಆಸ್ತಿ ಒಂದು ಚೀಟಿ. ಯಾರಿಗೆ, ಯಾವ ಅಳತೆ, ಕಡ್ಡಿ ಎಷ್ಟು, ಎಷ್ಟನೇ ಸಾಲು, ಮುಂದೆ ಎಷ್ಟು ಕುಣಿಕೆ ಇಳಿಸಬೇಕು, ಅಷ್ಟನ್ನು ಹಾಲಿನ ಬಿಲ್ಲಿನ ಹಿಂಬದಿಯಲ್ಲಾದರೂ ಬರೆದು ಪಿನ್ನಿನಿಂದ ಹೆಣಿಗೆಗೇ ಸಿಕ್ಕಿಸಿದರೆ, ವರ್ಷದ ನಂತರವೂ ಕೈ ಅದೇ ಜಾಗದಿಂದ ಹೊರಡುತ್ತದೆ. ಚೀಟಿ ಇಲ್ಲದ ಅರ್ಧಗೆಲಸವನ್ನು ಹೆಣೆದವರೇ ಗುರುತು ಹಿಡಿಯಲಾರರು.

ಕೆಲವನ್ನು ಮುಗಿಸಲೇಬಾರದು. ಯಾರಿಗೆಂದು ಶುರುವಾಯಿತೋ ಆ ಮಗು ಬೆಳೆದಿದೆ, ಬಣ್ಣ ಮನಸ್ಸಿನಿಂದ ಇಳಿದಿದೆ, ವಿನ್ಯಾಸ ಸರಿ ಬರಲಿಲ್ಲ. ಅಂಥದನ್ನು ಬಿಚ್ಚುವುದಕ್ಕೆ ಹಿಂಜರಿಯಬೇಕಿಲ್ಲ. ಒಂದು ಕಾಲಕ್ಕೆ ನಮ್ಮ ಮನೆಗಳಲ್ಲಿ ಅದು ಪ್ರತಿವರ್ಷದ ಕೆಲಸವೇ ಆಗಿತ್ತು. ಗಿಡ್ಡವಾದ ಸ್ವೆಟರನ್ನು ಒಬ್ಬರು ಬಿಚ್ಚುತ್ತ ಹೋದಂತೆ ಇನ್ನೊಬ್ಬರು ಕುರ್ಚಿಯ ಬೆನ್ನಿಗೋ, ಚಾಚಿ ಕೂತ ಮಗುವಿನ ಎರಡು ಕೈಗೋ ದಾರ ಸುತ್ತುವುದು. ನಾಲ್ಕು ಕಡೆ ಕಟ್ಟಿ, ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ಹಿಂಡದೆ ನೆರಳಿನಲ್ಲಿ ನೇತುಹಾಕುವುದು. ಒಣಗುವಷ್ಟರಲ್ಲಿ ದಾರದ ಗುಂಗುರು ಬಹುಪಾಲು ಇಳಿದು ಉಲ್ಲನ್ ಮತ್ತೆ ಹೆಣೆಯಲು ಬರುತ್ತದೆ. ಸಾಲದ ಕಡೆ ಹೊಸ ಬಣ್ಣದ ಒಂದು ಪಟ್ಟೆ. ಅಣ್ಣನ ಹಸಿರು ತಂಗಿಯ ಹಸಿರು-ಬಿಳಿಯಾಗಿ ಮತ್ತೊಂದು ಚಳಿಗಾಲ ಕಳೆಯುತ್ತಿತ್ತು. ನೇಯ್ದ ಬಟ್ಟೆಯನ್ನು ಕತ್ತರಿಸಿದರೆ ಚಿಂದಿ, ಹೆಣೆದದ್ದನ್ನು ಬಿಚ್ಚಿದರೆ ಮತ್ತೆ ಇಡಿಯ ದಾರ. ಅರ್ಧಕ್ಕೆ ನಿಂತ ಹೆಣಿಗೆಯಲ್ಲಿ ಉಲ್ಲನ್ ಒಂದಿಷ್ಟೂ ವ್ಯರ್ಥವಾಗುವುದಿಲ್ಲ.

ಬಿಚ್ಚಲು ಮನಸ್ಸೊಪ್ಪದ ಅರ್ಧಗೆಲಸವೂ ಉಂಟು: ಹೆಣೆಯುತ್ತಿದ್ದವರೇ ತೀರಿಕೊಂಡಾಗ ಕಡ್ಡಿಯ ಮೇಲೆ ಉಳಿದದ್ದು. ಅಮೆರಿಕದ ಜೆನ್ ಸಿಮೋನಿಕ್ ಮತ್ತು ಮೇಸಿ ಕಪ್ಲನ್ ಎಂಬ ಇಬ್ಬರು ಹೆಣಿಗೆಗಾರ್ತಿಯರು ಇದಕ್ಕೆಂದೇ 2022ರಲ್ಲಿ ‘ಲೂಸ್ ಎಂಡ್ಸ್’ ಆರಂಭಿಸಿದರು. ತೀರಿಹೋದವರು, ಕಾಯಿಲೆಯಿಂದ ಕೈ ಸೋತವರು ಅರ್ಧಕ್ಕೆ ಬಿಟ್ಟ ಸ್ವೆಟರು, ಕ್ರೋಶಾ ಹೊದಿಕೆ, ಕೌದಿ ಇತ್ಯಾದಿಯನ್ನು ಮುಗಿಸಿಕೊಡಲು ಸ್ವಯಂಸೇವಕರನ್ನು ಹುಡುಕಿ ಜೋಡಿಸುವುದು ಅದರ ಕೆಲಸ. ದುಡ್ಡು ತೆಗೆದುಕೊಳ್ಳುವುದಿಲ್ಲ. ಹಲವು ದೇಶಗಳ ಸಾವಿರಾರು ಜನ ಈಗ ಅದರಲ್ಲಿದ್ದಾರೆ. ಗುರುತಿಲ್ಲದ ಒಬ್ಬರ ಕೈಯ ಬಿಗಿ-ಸಡಿಲವನ್ನು ಅರಿತು, ಅದಕ್ಕೆ ಹೊಂದುವ ಕಡ್ಡಿ ಆರಿಸಿ, ಅವರು ನಿಲ್ಲಿಸಿದ ಸಾಲಿನಿಂದ ಮುಂದುವರಿಯುವುದು ಸಣ್ಣ ಕಸುಬುದಾರಿಕೆಯಲ್ಲ. ಅಲ್ಲೂ ಒಂದು ಚೀಟಿ ಇದ್ದರೆ ಕೆಲಸ ಎಷ್ಟೋ ಹಗುರ. ನಮ್ಮಲ್ಲಿ ಅಜ್ಜಿಯ ಟ್ರಂಕಿನಿಂದ ಹೊರಬಂದ ಅರ್ಧ ಕೌದಿಯನ್ನು ಸೊಸೆಯರು, ಮೊಮ್ಮಕ್ಕಳು ಕೂತು ಮುಗಿಸುವ ರೂಢಿ ಇದ್ದೇ ಇತ್ತು. ಕೌದಿ ಹೊಲಿಯಲು ಬಾರದ ಮೊಮ್ಮಕ್ಕಳಿರುವ ಮನೆಗಳಲ್ಲಿ, ಊರಿನಲ್ಲಿ ಹೊಲಿಯಬಲ್ಲವರನ್ನು ಹುಡುಕಿ, ತಕ್ಕ ಕೂಲಿ ಕೊಟ್ಟು ಮುಗಿಸುವುದು ಇವತ್ತಿಗೂ ಸಾಧ್ಯ. ಆ ಕೈಗಳು ಇನ್ನೂ ಇವೆ, ಕೆಲಸವನ್ನೂ ಹುಡುಕುತ್ತಿವೆ.

ಐದು ಕೆಲಸ ಒಟ್ಟಿಗೆ ನಡೆಯುವ ಮನೆಯಲ್ಲಿ ಕೊನೆಗೆ ಉಳಿಯುವುದು ಯಾವುದು ಮೊದಲು ಎಂಬ ಪ್ರಶ್ನೆ. ತಾರೀಕು ಇರುವ ಕುಚ್ಚಿಗೆ ಅದರ ತಾರೀಕಿದೆ. ಸ್ವೆಟರು ದೀಪಾವಳಿ ಕಳೆದು ಚಳಿ ಬೀಳುವ ತನಕ ಕಾದೀತು. ಟೀಪಾಯಿಯ ಹೊದಿಕೆಗೆ ಅವಸರವೇ ಇಲ್ಲ, ಕೌದಿಗೆ ಬೇಸಿಗೆ ಇದೆ. ಒಂದಿಷ್ಟೂ ಕಾಯದಿರುವುದು ಕುಲಾವಿ. ಹುಟ್ಟಿದಾಗ ಸುಮಾರು 35 ಸೆಂಟಿಮೀಟರಿರುವ ಕೂಸಿನ ತಲೆಯ ಸುತ್ತಳತೆ ಮೊದಲ ಮೂರು ತಿಂಗಳು ತಿಂಗಳಿಗೆ ಎರಡು ಸೆಂಟಿಮೀಟರಿನಷ್ಟು ಬೆಳೆದು, ವರ್ಷ ತುಂಬುವಾಗ 46ರ ಹತ್ತಿರ ಬಂದಿರುತ್ತದೆ. ಹೆರಿಗೆಗೆ ಮುಂಚೆ ಅಳತೆ ಊಹಿಸಿ ಹೆಣೆದದ್ದು ನಾಮಕರಣ ದಾಟಿ ತಡವಾದರೆ ತಲೆಗೆ ಇಳಿಯುವುದೇ ಇಲ್ಲ. ಆದ್ದರಿಂದ ಉಳಿದೆಲ್ಲದಕ್ಕೂ ಪಿನ್ನು, ಚೀಟಿ ಸಿಕ್ಕಿಸಿ ಬದಿಗಿಟ್ಟು ಹಳದಿ ಕುಲಾವಿಯನ್ನೇ ಮೊದಲು ಮುಗಿಸಬೇಕು. ಎರಡು ಕಿವಿಯ ಕಡೆಯೂ ಲಾಡಿ ಹೊಲಿದಾದ ಮೇಲೆ ಬಾಣಂತಿಯ ಊರಿಗೆ ಹೊರಡುವ ಬಸ್ಸಿನಲ್ಲಿ ಕಿಟಕಿಯ ಪಕ್ಕದ ಸೀಟು ಹಿಡಿದರೆ, ನೀಲಿ ಸ್ವೆಟರಿನ ಕಂಕುಳಿನಿಂದ ಮೇಲಿನ ಭಾಗ ದಾರಿಯಲ್ಲೇ ಆಗುತ್ತದೆ.